ಅಡ್ಡರಸ್ತೆಯ ‘ನಿಲ್ಲಿ’ ಫಲಕ: ಎಲ್ಲಿ ಬೇಕು, ಎಲ್ಲಿ ಬೇಡ?

ಅಮೆರಿಕದ ವಸತಿ ಬಡಾವಣೆಗಳಲ್ಲಿ ಎರಡು ಬೀದಿಗಳು ಕೂಡುವ ಕಡೆ ಎಂಟು ಮೂಲೆಗಳ ಕೆಂಪು ಫಲಕ ಸಾಮಾನ್ಯ ದೃಶ್ಯ. ಅದರಲ್ಲಿ ಬಿಳಿ ಅಕ್ಷರಗಳಲ್ಲಿ ‘ಸ್ಟಾಪ್’ ಎಂದಿರುತ್ತದೆ. ಸಿಗ್ನಲ್ ದೀಪವಿಲ್ಲ, ಪೊಲೀಸರಿಲ್ಲ. ಆದರೂ ಚಾಲಕ ವಾಹನವನ್ನು ಪೂರ್ತಿ ನಿಲ್ಲಿಸಿ, ಎಡಬಲ ನೋಡಿ ಮುಂದೆ ಸಾಗಬೇಕು. ವಾಹನಗಳು ಜೋರಾಗಿ ಓಡುತ್ತಿವೆ, ಮಕ್ಕಳು ರಸ್ತೆ ದಾಟುವುದು ಕಷ್ಟವಾಗಿದೆ ಎಂದಾಗ ನಿವಾಸಿಗಳು ಸಾಮಾನ್ಯವಾಗಿ ಕೇಳುವುದು ಇನ್ನೊಂದು ಫಲಕವನ್ನು. ಸಂಚಾರ ಎಂಜಿನಿಯರುಗಳು ಇದಕ್ಕೆ ಅನೇಕ ಸಲ ಒಪ್ಪುವುದಿಲ್ಲ. ಏಕೆ?

ಆಕಾರ ಮತ್ತು ಬಣ್ಣ

ಇಂಥ ಫಲಕ 1915ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಬಳಕೆಗೆ ಬಂದಿತು. ಅಷ್ಟಭುಜಾಕೃತಿಯ ಸಲಹೆ ಬಂದದ್ದು 1923ರಲ್ಲಿ. ಅಪಾಯ ಹೆಚ್ಚಿದಂತೆ ಫಲಕದ ಬಾಹುಗಳೂ ಹೆಚ್ಚಬೇಕೆಂಬುದು ಅದರ ಹಿಂದಿನ ತರ್ಕ. ರೈಲು ಹಳಿ ದಾಟುವಲ್ಲಿ ವೃತ್ತ; ಅದರ ನಂತರದ ಅಪಾಯಕ್ಕೆ ಅಷ್ಟಭುಜ. ಮೊದಲು ಹಳದಿಯಾಗಿದ್ದ ಫಲಕ, ಬೇಗ ಮಾಸದ ಕೆಂಪು ಲೇಪ ದೊರೆತ ಮೇಲೆ 1954ರಲ್ಲಿ ಕೆಂಪಾಯಿತು. ಭಾರತದ ‘ನಿಲ್ಲಿ’ ಫಲಕವೂ ಕೆಂಪು ಅಷ್ಟಭುಜವೇ.

ಕಾಣುವ ದೂರದ ಲೆಕ್ಕ

ಅಲ್ಲಿನ ಬಡಾವಣೆಗಳಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಈ ವೇಗದಲ್ಲಿ ವಾಹನ ಸೆಕೆಂಡಿಗೆ 11.1 ಮೀಟರ್ ಸಾಗುತ್ತದೆ. ಅಡಚಣೆಯನ್ನು ಕಂಡು ಬ್ರೇಕ್ ಒತ್ತಲು ವಿನ್ಯಾಸಕಾರರು 2.5 ಸೆಕೆಂಡ್ ಹಿಡಿಯುತ್ತಾರೆ. ಅಷ್ಟರಲ್ಲಿ ವಾಹನ 28 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಬಿದ್ದ ಮೇಲೆ ವೇಗ ಪ್ರತಿ ಸೆಕೆಂಡಿಗೆ 3.4 ಮೀ/ಸೆ.ನಂತೆ ಕುಗ್ಗುವುದೆಂದು ಭಾವಿಸಿದರೆ, ನಿಲ್ಲಲು ಮತ್ತೆ 18 ಮೀಟರ್ ಬೇಕು. ಒಟ್ಟು 46 ಮೀಟರ್. ವೇಗ 30 ಕಿ.ಮೀ.ಗೆ ಇಳಿದರೆ 31 ಮೀಟರ್ ಸಾಕು, 50 ಕಿ.ಮೀ.ಗೆ ಏರಿದರೆ 63 ಮೀಟರ್ ಬೇಕು.

ಅಡ್ಡರಸ್ತೆಗೆ ಇಷ್ಟು ದೂರದಲ್ಲಿರುವಾಗಲೇ ಎರಡೂ ಬೀದಿಗಳ ಚಾಲಕರಿಗೆ ಪರಸ್ಪರರ ವಾಹನ ಕಾಣಬೇಕು. ಮೂಲೆಯ ಮನೆ, ಗಿಡಗಳ ಬೇಲಿ ಅಥವಾ ನಿಲ್ಲಿಸಿದ ಕಾರು ನೋಟವನ್ನು ತಡೆದರೆ ಒಂದು ಬೀದಿಯವರು ನಿಂತು ನೋಡಲೇಬೇಕು. ಫಲಕಕ್ಕೆ ನಿಜವಾದ ಕಾರಣ ಇದು.

ನಾಲ್ಕೂ ಕಡೆ ಫಲಕ ಹಾಕಲು ನಿಯಮ ಇನ್ನೂ ಬಿಗಿ. ಅಮೆರಿಕದ ರಾಷ್ಟ್ರೀಯ ಕೈಪಿಡಿ ಹೇಳುವ ಸಂದರ್ಭಗಳಲ್ಲಿ ಎರಡು ಹೀಗಿವೆ: ನಾಲ್ಕು ರಸ್ತೆ ಕೂಡುವಲ್ಲಿ, ಫಲಕದಿಂದ ತಪ್ಪಿಸಬಹುದಾದಂಥ 5 ಅಪಘಾತಗಳು 12 ತಿಂಗಳಲ್ಲಿ ಆಗಿರುವುದು; ಇಲ್ಲವೆ ದಿನದ 8 ಗಂಟೆಗಳಲ್ಲಿ, ಗಂಟೆಗೆ ಸರಾಸರಿ, ಮುಖ್ಯ ರಸ್ತೆಯಲ್ಲಿ 300 ವಾಹನಗಳೂ ಅಡ್ಡರಸ್ತೆಯಲ್ಲಿ ಪಾದಚಾರಿ, ಸೈಕಲ್ ಸೇರಿ 200 ಘಟಕಗಳೂ ಬರುವುದು.

ವೇಗಕ್ಕೆ ಮದ್ದಲ್ಲ

ವೇಗ ನಿಯಂತ್ರಣಕ್ಕೆಂದು ಈ ಫಲಕವನ್ನು ಬಳಸಬಾರದೆಂದು ಅದೇ ಕೈಪಿಡಿ ಹೇಳುತ್ತದೆ. ಚಾಲಕರು ಫಲಕದ ಬಳಿ ಮಾತ್ರ ನಿಧಾನಿಸಿ, ಕಳೆದ ಸಮಯವನ್ನು ತುಂಬಲು ಮುಂದೆ ಇನ್ನಷ್ಟು ವೇಗವಾಗಿ ಓಡಿಸುತ್ತಾರೆ. ಎದುರು ಯಾರೂ ಬಾರದ ಮೂಲೆಯಲ್ಲಿ ದಿನವೂ ನಿಲ್ಲಬೇಕಾದವರು ಕ್ರಮೇಣ ನಿಲ್ಲುವುದನ್ನೇ ಬಿಟ್ಟು, ವಾಹನವನ್ನು ಉರುಳಿಸಿಕೊಂಡೇ ದಾಟುತ್ತಾರೆ. ಆದರೆ ದಾಟಲು ನಿಂತ ಮಗು ‘ಫಲಕವಿದೆ, ಕಾರು ನಿಲ್ಲುತ್ತದೆ’ ಎಂದು ನಂಬಿರುತ್ತದೆ. ಫಲಕವಿಲ್ಲದ ಮೂಲೆಯಲ್ಲಿ ಅದಕ್ಕಿದ್ದ ಎಚ್ಚರ ಇಲ್ಲಿ ಇರುವುದಿಲ್ಲ.

ವೇಗವೇ ತೊಂದರೆಯಾದರೆ ರಸ್ತೆಯ ರೂಪವನ್ನೇ ಬದಲಿಸಬೇಕು. ಶಾಸ್ತ್ರೀಯ ಅಳತೆಯ ಉಬ್ಬು, ಎತ್ತರಿಸಿದ ಪಾದಚಾರಿ ದಾಟು, ಮೂಲೆಯಲ್ಲಿ ಕಿರಿದಾಗಿಸಿದ ರಸ್ತೆ, ನಡುವೆ ಸಣ್ಣ ವೃತ್ತ ಇವೆಲ್ಲ ಚಾಲಕ ಬಯಸಲಿ, ಬಿಡಲಿ, ವೇಗವನ್ನು ಇಳಿಸುತ್ತವೆ. ಸಿಯಾಟಲ್ ನಗರದ ವಸತಿ ಬೀದಿಗಳಲ್ಲಿ ಇಂಥ ವೃತ್ತಗಳು ಸಾವಿರಕ್ಕೂ ಹೆಚ್ಚಿವೆ. ನೋಟದ ತಡೆಯೇ ತೊಂದರೆಯಾದರೆ ಗಿಡ ಕತ್ತರಿಸುವುದು, ಮೂಲೆಯ ಪಾರ್ಕಿಂಗ್ ತೆಗೆಸುವುದು ಮೊದಲ ಕೆಲಸ.

ಮೇಲಿನ ಲೆಕ್ಕ ನಮ್ಮ ಬೀದಿಗೂ ಅನ್ವಯಿಸುತ್ತದೆ. ನಿಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ಮಕ್ಕಳು ದಾಟುವ ಜಾಗಕ್ಕೆ ಹೋಗಿ, ರಸ್ತೆಯ ಅಂಚಿನಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ಬರುವ ವಾಹನ ಎಷ್ಟು ದೂರದಿಂದ ಕಾಣುತ್ತದೆಂದು ಹೆಜ್ಜೆಗಳಲ್ಲಿ ಅಳೆಯಿರಿ. ಅದು 46 ಮೀಟರಿಗಿಂತ ಕಡಿಮೆಯಿದ್ದರೆ, 40 ಕಿ.ಮೀ. ವೇಗದ ವಾಹನಕ್ಕೆ ಆ ಮೂಲೆ ತಕ್ಕುದಲ್ಲ. ಮನವಿ ಬರೆಯುವಾಗ ಈ ಅಳತೆಯನ್ನೂ ಸೇರಿಸಿ.