ಮುಕ್ತ ತಂತ್ರಾಂಶದ ಕೆಲಸಕ್ಕೆ ಸೇರುವುದು ಹೇಗೆ?

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದನ್ನು ಮನುಷ್ಯನು ಓದಿ ತಿದ್ದಬಲ್ಲ ರೂಪವೇ ಸೋರ್ಸ್ ಕೋಡ್. ಇಲ್ಲಿ ಅದನ್ನು ಮೂಲಪಾಠವೆಂದು ಕರೆಯೋಣ. ವ್ಯಾಪಾರಸಂಸ್ಥೆಗಳು ಸಾಮಾನ್ಯವಾಗಿ ಮೂಲಪಾಠವನ್ನು ಗೋಪ್ಯವಾಗಿಡುತ್ತವೆ. ಅದನ್ನು ಬಯಲಿಗಿಟ್ಟು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಅನುಮತಿಯಿತ್ತರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ.

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸುತ್ತಿರುವೆನೆಂದು ಪ್ರಕಟಿಸಿ, ಬಲ್ಲವರ ಸಲಹೆ ಕೇಳಿದನು. ಅದೇ ಮುಂದೆ ಲಿನಕ್ಸ್ ಎಂದು ಪ್ರಸಿದ್ಧವಾಯಿತು. ಇಂದು ಅದರ ತಿರುಳಿನ ಮೂಲಪಾಠ 3 ಕೋಟಿ ಸಾಲುಗಳನ್ನು ಮೀರಿದೆ. ಆಂಡ್ರಾಯ್ಡ್ ಮೊಬೈಲ್ ಫೋನುಗಳ ಒಳಗಿರುವುದೂ ಈ ತಿರುಳೇ. ಇಷ್ಟು ದೊಡ್ಡ ಕೃತಿಯೊಳಗೆ ಅಪರಿಚಿತನೊಬ್ಬನು ಕೈಯಿಡುವುದೆಂತು?

ಅವನು ಮೂಲಪ್ರತಿಯನ್ನು ಮುಟ್ಟುವುದಿಲ್ಲ. ತನ್ನದೊಂದು ನಕಲನ್ನು ತಿದ್ದಿ, ಎಲ್ಲೆಲ್ಲಿ ಏನೇನು ಬದಲಾಯಿತೆಂಬುದನ್ನು ಮಾತ್ರ ಬೇರ್ಪಡಿಸಿ ಕಳುಹಿಸುತ್ತಾನೆ. ಇದಕ್ಕೆ ಪ್ಯಾಚ್ ಎಂದು ಹೆಸರು; ನಮ್ಮ ತೇಪೆಯೆಂಬ ಮಾತೇ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ತಿರುಳಿನ ಯಾವ ಭಾಗಕ್ಕೆ ಯಾರು ಪಾಲಕರೆಂಬ ಪಟ್ಟಿ ಮೂಲಪಾಠದೊಡನೆಯೇ ಇರುತ್ತದೆ. ತೇಪೆ ಚಿಕ್ಕದಾಗಿರಬೇಕು, ಒಂದೇ ಕೆಲಸವನ್ನು ಮಾಡಬೇಕು, ಆ ಬದಲಾವಣೆ ಏಕೆ ಬೇಕಾಯಿತೆಂಬುದನ್ನು ತಿಳಿಸಬೇಕು. ಇದನ್ನು ಕೊಡುವ ಹಕ್ಕು ತನಗುಂಟೆಂದು ಕಳುಹಿಸುವವನು ರುಜುಹಾಕುವ ಪದ್ಧತಿ 2004ರಲ್ಲಿ ಬಂದಿತು. ಪಾಲಕರು ತೇಪೆಯನ್ನು ಸಾಲುಸಾಲಾಗಿ ಓದಿ ಆಕ್ಷೇಪಿಸುತ್ತಾರೆ. ಮೂರು ನಾಲ್ಕು ಬಾರಿ ತಿದ್ದಿ ಕಳುಹಿಸಬೇಕಾಗಿ ಬರುವುದು ಅನುಭವಸ್ಥರಿಗೂ ತಪ್ಪಿದ್ದಲ್ಲ. ಅದನ್ನು ಅವಮಾನವೆಂದು ತಿಳಿದು ಮೌನವಾದವರ ತೇಪೆಗಳು ಅಲ್ಲಿಯೇ ಉಳಿಯುತ್ತವೆ.

ಹೊಸಬರೆಲ್ಲರೂ ಬರೆಯಲು ಬಯಸುತ್ತಾರೆ. ಆದರೆ ಇಂತಹ ಬಳಗಗಳಲ್ಲಿ ನಿಜವಾಗಿ ಕೊರತೆಯಿರುವುದು ಓದುವವರದು. ಆ ಕೊರತೆಯಿಂದ ಏನಾಗಬಹುದೆಂಬುದನ್ನು ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದ ಕಥೆ ತೋರಿಸಿತು. ದತ್ತಾಂಶವನ್ನು ಕುಗ್ಗಿಸಿಡುವ ಈ ಸಾಧನ ಅಸಂಖ್ಯ ಯಂತ್ರಗಳಲ್ಲಿದೆ. ಬಹುಕಾಲ ಅದರ ಭಾರವನ್ನು ಹೊತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ. 2021ರಲ್ಲಿ ಜಿಯಾ ತಾನ್ ಎಂಬ ಹೆಸರಿನಿಂದ ತೇಪೆಗಳು ಬರತೊಡಗಿದುವು. ಅವು ಉಪಯುಕ್ತವಾಗಿಯೇ ಇದ್ದುವು. ಮರುವರ್ಷ ಬೇರೆ ಕೆಲವು ಅಪರಿಚಿತ ಹೆಸರುಗಳು, ಕೆಲಸ ನಿಧಾನವಾಯಿತೆಂದು ದೂರಿ, ಪಾಲಕತ್ವವನ್ನು ಹಂಚಿಕೊಡಬೇಕೆಂದು ದಣಿದಿದ್ದ ಪಾಲಕರನ್ನು ಒತ್ತಾಯಿಸಿದುವು. ಅಧಿಕಾರ ಜಿಯಾ ತಾನನಿಗೂ ದೊರೆಯಿತು. 2024ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯಲ್ಲಿ, ದೂರದಿಂದ ಯಂತ್ರದೊಳಕ್ಕೆ ನುಸುಳಲು ಅನುವಾಗುವ ಕಳ್ಳಬಾಗಿಲೊಂದು ಅಡಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ತಮ್ಮ ಯಂತ್ರದ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡು, ಕಾರಣವನ್ನು ಹುಡುಕಿ, ಮಾರ್ಚ್ 29ರಂದು ಅದನ್ನು ಬಯಲುಮಾಡಿದರು. ಅರ್ಧ ಸೆಕೆಂಡನ್ನು ಲಕ್ಷಿಸುವವರು ಎಷ್ಟು ಮಂದಿ! ಮೂಲಪಾಠ ತೆರೆದಿದ್ದುದರಿಂದಲೇ ಅವರು ಬೇರಿನವರೆಗೆ ಹೋಗಬಲ್ಲವರಾದರು. ಆದರೆ ತೆರೆದಿಟ್ಟುದನ್ನು ಅಲ್ಲಿಯವರೆಗೆ ಯಾರೂ ಅಷ್ಟು ಎಚ್ಚರದಿಂದ ಓದಿರಲಿಲ್ಲವೆಂಬುದೂ ಸತ್ಯ.

ಆದುದರಿಂದ ಹೊಸಬನು ಮೊದಲು ಇತರರ ತೇಪೆಗಳನ್ನು ತನ್ನ ಯಂತ್ರದಲ್ಲಿ ಹಾಕಿ ಪರೀಕ್ಷಿಸಿ, ಕಂಡುದನ್ನು ವರದಿಮಾಡುವುದು ಲೇಸು. ಇದಕ್ಕೆ ಪಾಂಡಿತ್ಯಕ್ಕಿಂತ ತಾಳ್ಮೆ ಹೆಚ್ಚಾಗಿ ಬೇಕು. ಕನ್ನಡಿಗರಿಗಂತೂ ಮತ್ತಾರೂ ಮಾಡಲಾಗದ ಕೆಲಸವೊಂದಿದೆ. ಅಕ್ಷರಗಳನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳು ಬಳಸುತ್ತವೆ. ‘ಸೂರ್ಯ’ ಎಂಬಲ್ಲಿ ಯಂತ್ರದ ನೆನಪಿನಲ್ಲಿ ರಕಾರ ಮೊದಲು, ಯಕಾರ ಅನಂತರ. ತೆರೆಯ ಮೇಲಾದರೋ ಅರ್ಕಾವತ್ತು ಯಕಾರದ ಬಲಕ್ಕೆ ಬರಬೇಕು. ಅದು ಸ್ಥಾನ ತಪ್ಪಿದರೆ ಕನ್ನಡ ಬಾರದ ಎಂಜಿನಿಯರನಿಗೆ ತಿಳಿಯುವುದೆಂತು? ತಂತ್ರಾಂಶದ ಯಾವ ಆವೃತ್ತಿ, ಯಾವ ಅಕ್ಷರಮಾದರಿ, ಯಾವ ಪದ, ಕಂಡದ್ದೇನು, ಕಾಣಬೇಕಾದದ್ದೇನು ಎಂಬಿಷ್ಟನ್ನು ಸ್ಪಷ್ಟವಾಗಿ ಬರೆದರೆ ಸಾಕು. ದೋಷವನ್ನು ತಿದ್ದಿದ ಬಳಿಕ ಅಂತಹ ಪದವನ್ನು ಪರೀಕ್ಷಾಪದಗಳ ಸಾಲಿಗೆ ಸೇರಿಸಿಡುವುದು ರೂಢಿ. ಮುಂದೆ ಮೂಲಪಾಠ ಬದಲಾದಾಗಲೆಲ್ಲ ಯಂತ್ರ ಅದನ್ನು ಮತ್ತೊಮ್ಮೆ ಬರೆದು ನೋಡುತ್ತದೆ.