ಅಂಗಮಾರಿ ತೋಟಕ್ಕೆ ಬರುವ ದಾರಿ

ಗದಗ-ಬೆಟಗೇರಿಯ ಪೇಟೆಯಲ್ಲಿ ದಾಳಿಂಬೆ ಕೊಳ್ಳುವವರು ಮೊದಲು ನೋಡುವುದು ಸಿಪ್ಪೆಯನ್ನು. ಅದರ ಮೇಲೆ ಎಣ್ಣೆ ಸಿಡಿದಂಥ ಕಪ್ಪು ಚುಕ್ಕೆ, ಚುಕ್ಕೆಯ ನಡುವೆ ಸೀಳು ಕಂಡರೆ ಹಣ್ಣನ್ನು ಬದಿಗಿಡುತ್ತಾರೆ. ಒಳಗಿನ ಕಾಳು ಚೆನ್ನಾಗಿದ್ದರೂ ಬೆಲೆ ಬಾರದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬೋರ್‌ವೆಲ್ ನೀರನ್ನು ನಂಬಿ, ಸಾಲ ಮಾಡಿ ದಾಳಿಂಬೆ ಹಾಕಿದ ಮನೆಗೆ ಈ ಚುಕ್ಕೆ ಎಂದರೆ ಮಕ್ಕಳ ಕಾಲೇಜು ಫೀಗೇ ಬಿದ್ದ ಪೆಟ್ಟು.

ಇದೇ ದುಂಡಾಣು ಅಂಗಮಾರಿ ರೋಗ. ಇದಕ್ಕೆ ಕಾರಣ ಕ್ಸ್ಯಾಂಥೊಮೋನಾಸ್ ಎಂಬ ಬ್ಯಾಕ್ಟೀರಿಯಾ. ಹೆಸರು ‘ದುಂಡಾಣು’ ಎಂದಾದರೂ ಸೂಕ್ಷ್ಮದರ್ಶಕದಲ್ಲಿ ಇದು ಕಾಣುವುದು ಕಡ್ಡಿಯ ಆಕಾರದಲ್ಲಿ! ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. 2000ದ ನಂತರ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ತೋಟಗಳಲ್ಲಿ ಉಗ್ರವಾಗಿ ಹಬ್ಬಿತು.

ಕಾಲಿಲ್ಲದ, ರೆಕ್ಕೆಯಿಲ್ಲದ ಈ ಜೀವಿ ಹಬ್ಬುವುದಾದರೂ ಹೇಗೆ? ಗಾಳಿಯೊಡನೆ ಬಡಿಯುವ ಮಳೆಹನಿ ಅದನ್ನು ಗಿಡದಿಂದ ಗಿಡಕ್ಕೆ ಸಿಡಿಸುತ್ತದೆ. ಎಲೆಯ ಪತ್ರರಂಧ್ರ, ಮುಳ್ಳು ತಾಗಿದ ಗಾಯಗಳೇ ಅದರ ಬಾಗಿಲು. ಆದ್ದರಿಂದಲೇ ಮಳೆಗಾಲದ ‘ಮೃಗ ಬಹಾರ’ದ ಬೆಳೆಗೆ ಕಾಟ ಹೆಚ್ಚು, ಒಣ ಹವೆಯಲ್ಲಿ ಕಾಯಿ ಬಲಿಯುವ ‘ಹಸ್ತ ಬಹಾರ’ಕ್ಕೆ ಕಡಿಮೆ. ಆದರೆ ಮಳೆಹನಿ ಬಹುದೂರ ಹೋಗಲಾರದು. ಊರಿಂದ ಊರಿಗೆ, ಜಿಲ್ಲೆಯಿಂದ ಜಿಲ್ಲೆಗೆ ರೋಗವನ್ನು ಹೊತ್ತೊಯ್ಯುವವನು ಮನುಷ್ಯನೇ. ರೋಗವಿದ್ದ ತಾಯಿಗಿಡದಿಂದ ತೆಗೆದ ಸಸಿ, ತೊಳೆಯದ ಕತ್ತರಿ, ಇವೇ ಅದರ ವಾಹನಗಳು.

ಇದಕ್ಕೊಂದು ಒಳ್ಳೆಯ ನಿದರ್ಶನ ದೂರದ ಇಂಡೊನೇಷ್ಯಾದಲ್ಲಿದೆ. ಅಲ್ಲಿನ ಸುಲವೇಸಿ ದ್ವೀಪದ ಬಾಳೆಗೆ ‘ರಕ್ತರೋಗ’ ಎಂಬ ಬ್ಯಾಕ್ಟೀರಿಯಾ ಬೇನೆಯಿತ್ತು. ರೋಗದ ಗಿಡವನ್ನು ಕಡಿದರೆ ಕೆಂಪುಛಾಯೆಯ ರಸ ಒಸರುವುದರಿಂದ ಆ ಹೆಸರು. 1920ರ ದಶಕದಲ್ಲಿ ಡಚ್ಚರ ಆಡಳಿತ ಆ ದ್ವೀಪದಿಂದ ಬಾಳೆ ಸಾಗಿಸುವುದನ್ನು ನಿಷೇಧಿಸಿತು. ಸುಮಾರು 60 ವರ್ಷ ರೋಗ ಅಲ್ಲಿಯೇ ಉಳಿಯಿತು. 1987ರಲ್ಲಿ ಜಾವಾ ದ್ವೀಪದಲ್ಲಿ ಕಾಣಿಸಿಕೊಂಡ ಮೇಲೆ ಅದನ್ನು ತಡೆಯಲಾಗಲಿಲ್ಲ.

ನಮ್ಮ ಬಯಲುಸೀಮೆಯ ತೋಟಗಳ ನಡುವೆ ಸಮುದ್ರವಿಲ್ಲ. ಇರುವುದು ಬದು ಮಾತ್ರ. ಆದ್ದರಿಂದ ಎಚ್ಚರಿಕೆಯೇ ಇಲ್ಲಿ ಕಾವಲು. ಸಸಿಯನ್ನು ರೋಗವಿಲ್ಲದ ತೋಟದಿಂದಲೇ ತರಬೇಕು. ಒಂದು ಗಿಡ ಸವರಿದ ಕತ್ತರಿಯನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡಕ್ಕೆ ಹಚ್ಚಬೇಕು. ಉದುರಿದ ಎಲೆ, ಒಡೆದ ಕಾಯಿಗಳನ್ನು ಆರಿಸಿ ಸುಡಬೇಕು. ರಜೆಯಲ್ಲಿ ಹೊಲಕ್ಕೆ ಹೋಗುವ ವಿದ್ಯಾರ್ಥಿಯೂ ಮಾಡಬಲ್ಲ ಕೆಲಸಗಳಿವು. ಪಕ್ಕದ ಹೊಲದವರೂ ಇದನ್ನೇ ಮಾಡಿದರೆ ಮಾತ್ರ ಫಲ. ಒಬ್ಬರ ಬದು ಇನ್ನೊಬ್ಬರ ಮಳೆಹನಿಯನ್ನು ತಡೆಯಲಾರದು.