ಕಂಬದಿಂದ ಮೇಜಿನವರೆಗೆ: ಮನೆಗೆ ಬಂದ ತಂತಿಯ ಕಥೆ

ಚಿಂತಾಮಣಿ ತಾಲ್ಲೂಕಿನ ಕೈವಾರ ಎಂದೊಡನೆ ನೆನಪಾಗುವವರು ಕೈವಾರ ತಾತಯ್ಯ ಎಂದೇ ಜನಜನಿತರಾದ ಯೋಗಿ ನಾರೇಯಣರು. ಯೋಗಿಯಾಗುವ ಮುನ್ನ ಅವರು ಬಳೆಯ ಮಲಾರ ಹೊತ್ತು ಊರೂರು ಅಲೆದವರೆಂದು ಪ್ರತೀತಿ. ಹಳ್ಳಿಗಳಲ್ಲಿ ಬಳೆಗಾರ ಬರೀ ವ್ಯಾಪಾರಿಯಾಗಿರಲಿಲ್ಲ. ತವರಿನ ಸುದ್ದಿಯನ್ನು ಗಂಡನ ಮನೆಗೂ, ಅಲ್ಲಿಯ ಸುಖದುಃಖವನ್ನು ತವರಿಗೂ ಮುಟ್ಟಿಸುತ್ತಿದ್ದವನು ಅವನೇ. ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿದ್ದ ಕಾಲ ಅದು.

ಇಂದು ಅಂಥ ಊರಿನ ಮನೆಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ಬೆಂಗಳೂರಿನ ಕಚೇರಿಯ ಕೆಲಸ ಮಾಡಬಹುದು. 2020ರ ಕೊರೊನಾ ದಿನಗಳಲ್ಲಿ ಕಚೇರಿ, ಶಾಲೆ ಎರಡೂ ಮನೆಯೊಳಗೆ ಬಂದು ಕುಳಿತಾಗ ಈ ಮೇಜಿನ ಬೆಲೆ ಎಲ್ಲರಿಗೂ ತಿಳಿಯಿತು. ಆದರೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರಲ್ಲಿ ಸಂಪರ್ಕ ಸರಾಗ, ಇನ್ನೊಂದರಲ್ಲಿ ಗಳಿಗೆಗೊಮ್ಮೆ ಕಡಿತ. ದೋಷ ಎಷ್ಟೋ ಸಲ ದೂರದ ಕೇಂದ್ರದಲ್ಲಿರುವುದಿಲ್ಲ. ಬೀದಿಯ ಕಂಬದಿಂದ ನಮ್ಮ ಮೇಜಿನವರೆಗಿನ ಕೊನೆಯ ಕೆಲವು ಗಜಗಳಲ್ಲಿರುತ್ತದೆ.

ಭಯ ತರುತ್ತಿದ್ದ ತಂತಿ

ಕನ್ನಡದಲ್ಲಿ 'ತಂತಿ' ಎಂದರೆ ಲೋಹದ ಎಳೆಯೂ ಹೌದು, ಅದರ ಮೂಲಕ ಬಂದ ಸಂದೇಶವೂ ಹೌದು. 'ತಂತಿ ಬಂದಿದೆ' ಎಂದರೆ ಸಾಕು, ಓದುವ ಮೊದಲೇ ಮನೆಯವರ ಎದೆ ಝಲ್ಲೆನ್ನುತ್ತಿತ್ತು. ತುರ್ತಿನ ಸುದ್ದಿಗಷ್ಟೇ ತಂತಿ ಎಂಬುದು ವಾಡಿಕೆ. ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಇಬ್ಭಾಗವಾಯಿತು. ತಂತಿ ಸಂದೇಶದ ಸೇವೆ 2013ರ ಜುಲೈನಲ್ಲಿ ನಿಂತೇಹೋಯಿತು.

ಮಾತನ್ನು ಒಯ್ಯುವ ತಂತಿ ಹಳ್ಳಿ ಮುಟ್ಟಲು ಬಹಳ ತಡವಾಯಿತು. ಬೆಂಗಳೂರಿನ ದೂರವಾಣಿ ನಗರದಲ್ಲಿ ಐಟಿಐ ಕಾರ್ಖಾನೆ 1948ರಲ್ಲೇ ಆರಂಭವಾಗಿತ್ತು. ಆದರೂ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಉಪಕರಣದ ಕೊರತೆ ಒಂದು ಕಡೆಯಾದರೆ, ಹಳ್ಳಿಗೆ ಒಗ್ಗುವ ವಿನಿಮಯ ಕೇಂದ್ರವೇ ಇಲ್ಲದ್ದು ಇನ್ನೊಂದು ಕಡೆ. ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ದೂಳು ಆಗದು. ನಮ್ಮ ಹಳ್ಳಿಗಳಲ್ಲಿ ದೂಳಿಗೇನೂ ಬರವಿಲ್ಲ!

ಕಿತ್ತೂರಿನ ಮೊದಲ ಹೆಜ್ಜೆ

ಈ ತೊಡಕನ್ನು ಬಿಡಿಸಲು ಹೊರಟದ್ದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ. ಅದು ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು ನಮ್ಮ ರಾಜ್ಯದಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಇದಕ್ಕೆ ಹವಾನಿಯಂತ್ರಣ ಬೇಡ, ಹೆಚ್ಚು ವಿದ್ಯುತ್ತೂ ಬೇಡ; ಬಿಸಿಲು ದೂಳುಗಳನ್ನು ತಡೆದುಕೊಳ್ಳುತ್ತದೆ. ಮುಂದೆ ಇಂಥ ಕೇಂದ್ರಗಳು ದೇಶದ ಹಳ್ಳಿಹಳ್ಳಿಗೂ ಹರಡಿದವು. ಜೊತೆಗೆ ಎಸ್‌ಟಿಡಿ ಬೂತುಗಳು ಬಂದವು.

ಮನೆಗೆ ಬಂದ ಫೋನು ಕುಳಿತದ್ದು ನಡುಮನೆಯಲ್ಲಿ, ಕ್ರೋಶಾ ಹೆಣೆದ ವಸ್ತ್ರದ ಮೇಲೆ. ಅದು ಇಡೀ ಮನೆಯ ಆಸ್ತಿ, ಕೆಲವೊಮ್ಮೆ ಇಡೀ ಬೀದಿಯದು. 'ಪಕ್ಕದ ಮನೆಯವರನ್ನು ಸ್ವಲ್ಪ ಕರೆಯುತ್ತೀರಾ?' ಎಂಬುದು ಆ ಕಾಲದ ಸಾಮಾನ್ಯ ಮಾತು. ತಂತಿ ಮೇಜಿನವರೆಗೆ ಬೆಳೆದದ್ದು ಗಣಕಯಂತ್ರ ಬಂದ ಮೇಲೆ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ತೆರೆಯಿತು. ಮೋಡೆಮ್ ಕಿರ್ರೋ ಎಂದು ಕೂಗುತ್ತಿದ್ದಷ್ಟು ಹೊತ್ತೂ ಮನೆಯ ಫೋನು ಮೂಕ. ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಒಂದೇ ತಂತಿಯಲ್ಲಿ ಮಾತೂ ಮಾಹಿತಿಯೂ ಜೊತೆಜೊತೆಗೆ ಹರಿಯತೊಡಗಿದವು.

ಜೋಡಿ ಎಳೆಯ ಗುಟ್ಟು

ಇದು ಹೇಗೆ ಸಾಧ್ಯ? ಫೋನಿನ ತಂತಿ ಎಂದರೆ ಎರಡು ತಾಮ್ರದ ಎಳೆಗಳು. ವಿನಿಮಯ ಕೇಂದ್ರದ ಬ್ಯಾಟರಿಗಳು ಅದರಲ್ಲಿ 48 ವೋಲ್ಟಿನ ನೇರ ವಿದ್ಯುತ್ತನ್ನು ಸದಾ ಇಟ್ಟಿರುತ್ತವೆ. ರಿಸೀವರ್ ಎತ್ತಿದಾಗ ಸುತ್ತು ಪೂರ್ಣಗೊಂಡು ವಿದ್ಯುತ್ ಹರಿಯುತ್ತದೆ, ಕೇಂದ್ರಕ್ಕೆ ಸುಳಿವು ಸಿಗುತ್ತದೆ. ಊರಿಗೆಲ್ಲ ಕರೆಂಟು ಹೋದರೂ ಹಳೆಯ ಫೋನು ಮಾತಾಡುತ್ತಿದ್ದ ರಹಸ್ಯ ಇದೇ.

ಫೋನಿನಲ್ಲಿ ಮಾತು ಬಳಸುವುದು ಸೆಕೆಂಡಿಗೆ 300ರಿಂದ 3,400 ಕಂಪನಗಳ ಕಿರಿದಾದ ಪಟ್ಟಿಯನ್ನು ಮಾತ್ರ. ಅದಕ್ಕಿಂತ ಎಷ್ಟೋ ಮೇಲಿನ ಕಂಪನಗಳಲ್ಲಿ ಮಾಹಿತಿ ಸಾಗುತ್ತದೆ. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಬೇರ್ಪಡಿಸುತ್ತದೆ. ಅದನ್ನು ಹಾಕದಿದ್ದರೆ ಮಾತಿನಲ್ಲಿ ಸುಯ್ಯೆಂಬ ಸದ್ದು, ಫೋನು ಎತ್ತಿದಾಗಲೆಲ್ಲ ಸಂಪರ್ಕ ಕಡಿತ.

ಕೇಬಲಿನೊಳಗೆ ಪ್ರತಿ ಜೋಡಿಯನ್ನೂ ಜಡೆಯಂತೆ ಹೊಸೆದಿರುತ್ತಾರೆ. ಹೊರಗಿನ ವಿದ್ಯುತ್ ತರಲೆ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದರೆ, ಎಳೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಆ ತರಲೆ ಕಾಣಿಸುವುದೇ ಇಲ್ಲ. ಆದ್ದರಿಂದ ಅಗ್ಗವೆಂದು ಹೊಸೆಯದ ಚಪ್ಪಟೆ ತಂತಿಯನ್ನು ಉದ್ದಕ್ಕೂ ಎಳೆದರೆ ಮಾತು ಕೇಳಿಸೀತು, ಮಾಹಿತಿ ಮುಗ್ಗರಿಸುತ್ತದೆ.

ಮನೆಯೊಳಗಿನ ಹಾದಿ

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲಿನ ಗೋಡೆ, ಚಪ್ಪಡಿಯ ಮಾಳಿಗೆ ಸಾಮಾನ್ಯ. ತೂತು ಕೊರೆಯುವುದು ಕಷ್ಟವೆಂದು ತಂತಿಯನ್ನು ಕಿಟಕಿಯ ಸಂದಿಯಲ್ಲಿ ತೂರಿಸುತ್ತಾರೆ. ಕದ ಮುಚ್ಚಿದಾಗಲೆಲ್ಲ ಅದು ಜಜ್ಜುತ್ತದೆ. ಬದಲಿಗೆ ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆದು, ಅದರ ಮುಂದೆ ತಂತಿಯನ್ನು ಸ್ವಲ್ಪ ಕೆಳಗೆ ಜೋಲುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಒಳಗಿನ ಗೋಡೆಗೆ ಬಿಗಿದ ಡಬ್ಬಿಯ ಹತ್ತಿರವೇ ಮೋಡೆಮ್ ಇಡಬೇಕು. ಅಲ್ಲಿಂದ ಮೇಜಿಗೆ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳ ನೆಟ್‌ವರ್ಕ್ ಕೇಬಲ್ ಎಳೆಯುವುದು ಒಳ್ಳೆಯದು. 100 ಮೀಟರಿನವರೆಗೆ ಅದು ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಕಲ್ಲಿನ ಗೋಡೆಯ ಆಚೆ ಸೊರಗುವ ವೈ-ಫೈಗಿಂತ ಇದು ನಂಬಿಕಸ್ಥ. ಕರೆಂಟಿನ ವೈರು ಹೋಗುವ ಕೊಳವೆಯಲ್ಲಿ ಇದನ್ನು ತೂರಿಸಲೇಬಾರದು. ಅದು ಅಪಾಯವೂ ಹೌದು. ಒಂದಡಿ ಅಂತರವಿರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ತುದಿಗೆ ಕನೆಕ್ಟರ್ ಹಾಕುವಾಗ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಡಿಸಬಾರದು. ಮೊಳೆ ಹೊಡೆದು ಕೇಬಲನ್ನು ಅದುಮಬಾರದು.

ಗಾಜಿನ ಎಳೆ ಬಂದ ಮೇಲೆ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಹಲವೆಡೆ ತಾಮ್ರದ ಜಾಗವನ್ನು ಕೂದಲಿಗಿಂತ ತುಸು ದಪ್ಪನೆಯ ಗಾಜಿನ ಎಳೆ ಹಿಡಿಯುತ್ತಿದೆ. ಅದರಲ್ಲಿ ಹರಿಯುವುದು ಬೆಳಕು. ಹೀಗಾಗಿ ಕರೆಂಟಿನ ವೈರಿನ ತರಲೆ ಅದಕ್ಕಿಲ್ಲ. ಆದರೆ ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ, ಎಳೆ ಮುರಿಯಲೂಬಹುದು. ಉಳಿದ ಕೇಬಲನ್ನು ಗಂಟು ಹಾಕದೆ ದೊಡ್ಡ ಬಳೆಯಂತೆ ಸುತ್ತಿಡಬೇಕು. ಬಿಚ್ಚಿದ ತುದಿಯೊಳಗೆ ಇಣುಕಬಾರದು. ಕಣ್ಣಿಗೆ ಕಾಣದ ಆ ಬೆಳಕು ಕಣ್ಣಿಗೆ ಕೇಡು.

ಇಲ್ಲಿ ಒಂದು ನಷ್ಟವೂ ಉಂಟು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಕರೆಂಟು ಹೋದರೆ ಮನೆಯ ಪೆಟ್ಟಿಗೆ ಆರುತ್ತದೆ, ಅದಕ್ಕೆ ಜೋಡಿಸಿದ ಫೋನೂ ಸುಮ್ಮನಾಗುತ್ತದೆ. ವಯಸ್ಸಾದವರು ಒಂಟಿಯಾಗಿರುವ ಮನೆಯಲ್ಲಿ, ಅದರಲ್ಲೂ ಮೊಬೈಲ್ ಸಿಗದ ಗುಡ್ಡದ ಬದಿಯಲ್ಲಿ, ಇದು ಸಣ್ಣ ಮಾತಲ್ಲ. ಹಿಂದೆ ವಿನಿಮಯ ಕೇಂದ್ರ ಹೊತ್ತಿದ್ದ ಹೊಣೆ ಈಗ ಮನೆಯವರದು. ಪೆಟ್ಟಿಗೆಗೊಂದು ಪುಟ್ಟ ಬ್ಯಾಟರಿ ಜೋಡಿಸುವುದು ಜಾಣತನ.

ಮನೆ ಕಟ್ಟುವಾಗ ನಾವು ದೇವರ ಕೋಣೆಯ ದಿಕ್ಕು ನೋಡುತ್ತೇವೆ, ಟಿವಿಯ ಗೋಡೆ ಗುರುತಿಸುತ್ತೇವೆ. ಓದುವ ಮಗಳ ಮೇಜು ಎಲ್ಲಿ ಎಂದು ಕೇಳುವವರು ಕಡಿಮೆ. ತಂತಿ ನಡುಮನೆಯಲ್ಲೇ ನಿಂತರೆ ಟಿವಿಯ ಗದ್ದಲದ ನಡುವೆಯೇ ಅವಳ ಪಾಠವೂ ನಡೆಯಬೇಕಾಗುತ್ತದೆ. ಗಾರೆ ಹಾಕುವ ಮುನ್ನ ಗೋಡೆಯೊಳಗೆ ಬೇರೆಯದೇ ಒಂದು ಕೊಳವೆ ಹುದುಗಿಸಿ, ಅದರೊಳಗೊಂದು ದಾರ ಬಿಟ್ಟಿದ್ದರೆ ಸಾಕು. ಮುಂದೆ ತಾಮ್ರ ಬರಲಿ, ಗಾಜು ಬರಲಿ, ಆ ದಾರಕ್ಕೆ ಕಟ್ಟಿ ಅವಳ ಮೇಜಿನವರೆಗೆ ಎಳೆದುಕೊಳ್ಳಬಹುದು.